ಕರಾವಳಿ ಮನೆಯ ಕರೆಂಟ್ ಬಿಲ್ ಇಳಿಸುವುದು ಹೇಗೆ? ಮೀಟರ್ ಹತ್ತಿರದಿಂದ ಶುರು ಮಾಡಿ

2024ರ ಮೇ ತಿಂಗಳ ಬಿಲ್ ಬಂದಾಗ ನಮ್ಮ ಆಯಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಪುಕ್ಕಟೆ ಕರೆಂಟ್ ಅಂದಿದ್ರಲ್ಲ, ಇದೆಂತದು?" ಅಂತ ಕೇಳಿದಳು. ಬಿಲ್ಲಿನಲ್ಲಿ 214 ಯೂನಿಟ್ ಇತ್ತು. ಸರ್ಕಾರದ ಪುಕ್ಕಟೆ ಕರೆಂಟ್ ಯೋಜನೆ ಗೃಹಜ್ಯೋತಿಯ ಮಿತಿ ತಿಂಗಳಿಗೆ 200. ಹದಿನಾಲ್ಕು ಯೂನಿಟ್ ಮೇಲೆ ಹೋಗಿದ್ದಕ್ಕೆ ಆ ತಿಂಗಳ ಪೂರ್ತಿ ದುಡ್ಡು, ಒಂದೂವರೆ ಸಾವಿರಕ್ಕಿಂತ ಜಾಸ್ತಿ, ಕಟ್ಟಬೇಕಾಯಿತು.

ನಾವು ಇರುವುದು ಅಂಕೋಲಾ ಹತ್ತಿರದ ಹಳ್ಳಿಯಲ್ಲಿ. ಅರ್ಧ ಹಂಚಿನ ಮನೆ, ಅರ್ಧ ಸ್ಲ್ಯಾಬ್. ಐದು ಜನ, ನಾಲ್ಕು ಫ್ಯಾನು, ಒಂದು ಫ್ರಿಜ್, ಬಾವಿಗೆ ಒಂದು ಎಚ್‌ಪಿ ಪಂಪ್. ಏಸಿ ಇಲ್ಲ. ಇಷ್ಟಕ್ಕೇ 214 ಹೇಗಾಯಿತು ಅಂತ ಹುಡುಕಲು ಹೊರಟವನು ಒಂದು ವರ್ಷ ಅದರ ಬೆನ್ನು ಬಿಡಲಿಲ್ಲ. ಮರುವರ್ಷ ಮೇ ತಿಂಗಳಿಗೆ 151ಕ್ಕೆ ಇಳಿಯಿತು. ಸೆಖೆಯಲ್ಲಿ ಯಾರನ್ನೂ ಫ್ಯಾನ್ ಇಲ್ಲದೆ ಮಲಗಿಸಲಿಲ್ಲ. ಏನೇನು ಮಾಡಿದೆವು, ಯಾವ ಕ್ರಮದಲ್ಲಿ ಮಾಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಿಲ್ಲು ಓದಿ

ಗೃಹಜ್ಯೋತಿ ಇರುವವರು ಎರಡು ಅಂಕಿ ತಿಳಿದಿರಬೇಕು. ಒಂದು 200. ಇನ್ನೊಂದು ನಿಮ್ಮ ಮನೆಯ ಅರ್ಹತೆಯ ಯೂನಿಟ್. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿ ಇದನ್ನು ಲೆಕ್ಕ ಹಾಕಿದ್ದಾರೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಅರ್ಹತೆಯೊಳಗೆ ಇದ್ದರೆ ಬಿಲ್ ಸೊನ್ನೆ. ಅರ್ಹತೆ ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ದುಡ್ಡು. 200 ದಾಟಿದರೆ ಮೊದಲ ಯೂನಿಟ್‌ನಿಂದಲೇ ಲೆಕ್ಕ. ಅದಕ್ಕೇ 199ಕ್ಕೂ 201ಕ್ಕೂ ಅಷ್ಟು ವ್ಯತ್ಯಾಸ.

ಪೂರ್ತಿ ಬಿಲ್ ಕಟ್ಟುವವರಿಗೆ 2025-26ರ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಜೊತೆಗೆ ಮಂಜೂರಾದ ಲೋಡಿನ (ಮನೆ ಒಮ್ಮೆಗೆ ಎಳೆಯಲು ಅನುಮತಿ ಇರುವಷ್ಟು ಕರೆಂಟ್) ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ. ಅದರ ಮೇಲೆ ತೆರಿಗೆ ಮತ್ತಿತರ ಸೇರಿಕೆ. ನಿಗದಿತ ಶುಲ್ಕಕ್ಕೆ ಯೂನಿಟ್ ಲೆಕ್ಕವಿಲ್ಲ, ಮನೆಗೆ ಬೀಗ ಹಾಕಿ ಹೋದರೂ ಬರುತ್ತದೆ. ಮಕ್ಕಳು ಬೆಂಗಳೂರು, ಗೋವಾ ಸೇರಿ ಇಬ್ಬರೇ ಉಳಿದ ದೊಡ್ಡ ಮನೆಗಳಲ್ಲಿ ಬೇಡದ ಲೋಡ್ ಮಂಜೂರಾಗಿರುವುದುಂಟು. ಬಿಲ್ಲಿನಲ್ಲಿ ಆರ್‌ಆರ್ ನಂಬರಿನ (ನಿಮ್ಮ ಸಂಪರ್ಕದ ಗುರುತಿನ ನಂಬರು) ಜೊತೆ ಲೋಡ್ ಎಷ್ಟು ಅಂತ ಬರೆದಿರುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂನ ಕಚೇರಿಯಲ್ಲಿ ಇಳಿಸಲು ಅರ್ಜಿ ಕೊಡಿ. ಆದರೆ ಪಂಪು, ಗೀಸರ್ ಒಟ್ಟಿಗೆ ಓಡುವ ಮನೆಯಾದರೆ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿಯೇ ಇಳಿಸಿ.

ಹದಿನಾಲ್ಕು ದಿನದ ಲೆಕ್ಕ

ಮಗಳ ಹಳೇ ನೋಟ್‌ಬುಕ್ಕನ್ನು ದಾರ ಕಟ್ಟಿ ಮೀಟರಿನ ಪಕ್ಕ ನೇತುಹಾಕಿದೆ. ದಿನಾ ಬೆಳಿಗ್ಗೆ ಏಳಕ್ಕೆ ಮೀಟರಿನ ಅಂಕಿ ಬರೆಯುವುದು, ನಿನ್ನೆಯದನ್ನು ಕಳೆಯುವುದು. ಪಕ್ಕದಲ್ಲಿ ಒಂದು ಸಾಲು: "ಬಟ್ಟೆ ತೊಳೆದದ್ದು", "ನೆಂಟರು", "ತೋಟಕ್ಕೆ ನೀರು". ಎರಡು ವಾರದಲ್ಲಿ ಮನೆಯ ರೂಢಿ ಕಣ್ಣಿಗೆ ಕಂಡಿತು. ನಮ್ಮದು ದಿನಕ್ಕೆ ಏಳು ಯೂನಿಟ್ ಆಸುಪಾಸು. ತಿಂಗಳಿಗೆ 200 ಅಂದರೆ ದಿನಕ್ಕೆ ಆರೂವರೆ. ಬಿಲ್ ಬರುವವರೆಗೆ ಕಾಯದೆ, ತಿಂಗಳ ಹತ್ತನೇ ದಿನಕ್ಕೇ ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಗೊತ್ತಾಗುತ್ತದೆ.

ಯೂನಿಟ್ ಅಂದರೆ ಸಾವಿರ ವ್ಯಾಟ್‌ನ ಸಾಮಾನು ಒಂದು ಗಂಟೆ ಓಡಿದ್ದು. 75 ವ್ಯಾಟ್‌ನ ಫ್ಯಾನು ಸುಮಾರು ಹದಿಮೂರು ಗಂಟೆ ತಿರುಗಿದರೆ ಒಂದು ಯೂನಿಟ್. 2000 ವ್ಯಾಟ್‌ನ ಗೀಸರ್ ಅರ್ಧ ಗಂಟೆಯಲ್ಲೇ ಒಂದು ಯೂನಿಟ್ ಮುಗಿಸುತ್ತದೆ. ಈ ಲೆಕ್ಕ ಮಕ್ಕಳಿಗೂ ಬರಬೇಕು. ನನ್ನ ಮಗಳಿಗೆ ಬಂದ ಮೇಲೆ ನಾನು ಮನೆಯಲ್ಲಿ ಗಲಾಟೆ ಮಾಡುವುದು ತಪ್ಪಿತು.

ರಾತ್ರಿ ಮೀಟರಿನ ಕೆಂಪು ದೀಪ ನೋಡಿ

ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಮಿಣುಕುವ ಸಣ್ಣ ಕೆಂಪು ದೀಪ ಇರುತ್ತದೆ. ಅದರ ಹತ್ತಿರ 3200 ಅಥವಾ 1600ರಂಥ ಅಂಕಿ ಬರೆದಿರುತ್ತದೆ. ಒಂದು ಯೂನಿಟ್ ಖರ್ಚಾಗುವಾಗ ದೀಪ ಅಷ್ಟು ಸಲ ಮಿಣುಕುತ್ತದೆ ಅಂತ ಅರ್ಥ.

ರಾತ್ರಿ ಎಲ್ಲರೂ ಮಲಗುವ ಮುಂಚೆ ಫ್ಯಾನು, ಲೈಟು, ಫ್ರಿಜ್ ಎಲ್ಲ ಐದು ನಿಮಿಷ ಆಫ್ ಮಾಡಿ. ಮೇನ್ ಸ್ವಿಚ್ ಮುಟ್ಟಬೇಡಿ. ಟಾರ್ಚ್ ಮತ್ತು ಮೊಬೈಲಿನ ಗಡಿಯಾರ ಹಿಡಿದು ಮೀಟರಿನ ಮುಂದೆ ನಿಲ್ಲಿ. ಒಂದು ಮಿಣುಕಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಎಣಿಸಿ. 3200ರ ಮೀಟರಾದರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿ. 1600 ಆದರೆ 2250ನ್ನು ಭಾಗಿಸಿ. ಬಂದದ್ದೇ ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟ್.

ನಮ್ಮಲ್ಲಿ 28 ಸೆಕೆಂಡಿಗೊಮ್ಮೆ ಮಿಣುಕುತ್ತಿತ್ತು. ಅಂದರೆ 40 ವ್ಯಾಟ್. "ಎಲ್ಲಾ ಬಂದ್ ಆಗಿದೆ" ಅಂತ ನಾವು ಅಂದುಕೊಂಡ ಮನೆಯಲ್ಲಿ 40 ವ್ಯಾಟ್, ದಿನದ 24 ಗಂಟೆ! ತಿಂಗಳಿಗೆ 29 ಯೂನಿಟ್. ಒಂದೊಂದೇ ಪ್ಲಗ್ ಕೀಳುತ್ತಾ ಹೋದೆ. ವೈಫೈ ಪೆಟ್ಟಿಗೆ 10, ಟಿವಿ ಮತ್ತು ಸೆಟ್ ಟಾಪ್ ಬಾಕ್ಸ್ 8, ಉಳಿದ 22 ಇನ್ವರ್ಟರ್. ಬ್ಯಾಟರಿ ಹಳೆಯದಾಗಿ, ನೀರು ಇಳಿದು, ಎಷ್ಟು ಚಾರ್ಜ್ ಮಾಡಿದರೂ ತುಂಬುತ್ತಿರಲಿಲ್ಲ. ಅದು ಸುಮ್ನೆ ಕರೆಂಟ್ ಕುಡಿಯುತ್ತಿತ್ತು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆ ಇನ್ವರ್ಟರ್ ಬೇಡ ಅನ್ನಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಬ್ಯಾಟರಿಗೆ ಎರಡು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡಿ. ಹಳೆಯದಾದರೆ ಬದಲಾಯಿಸಿ. ಟಿವಿಯನ್ನು ರಿಮೋಟಿನಿಂದ ಅಲ್ಲ, ಗೋಡೆಯ ಸ್ವಿಚ್ಚಿನಿಂದ ಆಫ್ ಮಾಡಿ.

ಎಲ್ಲ ಪ್ಲಗ್ ಕಿತ್ತ ಮೇಲೂ ದೀಪ ಮಿಣುಕುತ್ತಿದ್ದರೆ ಎಲ್ಲೋ ವೈರಿನಿಂದ ಕರೆಂಟ್ ಸೋರುತ್ತಿರಬಹುದು. ಆಷಾಢದಲ್ಲಿ ಗೋಡೆ ಒದ್ದೆಯಾಗುವ ನಮ್ಮ ಮನೆಗಳಲ್ಲಿ ಇದು ಜೀವದ ಪ್ರಶ್ನೆ. ಆ ಕೆಲಸಕ್ಕೆ ನೀವು ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಸೋರಿಕೆಯಾದರೆ ತಾನೇ ಬೀಳುವ ಆರ್‌ಸಿಸಿಬಿ ಇಲ್ಲದಿದ್ದರೆ ಅದೇ ದಿನ ಹಾಕಿಸಿಬಿಡಿ. ಕಂಬದ ಕಡೆ, ಮೀಟರಿನ ಕಡೆ ತೊಂದರೆ ಕಂಡರೆ 1912ಕ್ಕೆ ಫೋನ್ ಮಾಡಿ.

ಬಾವಿಯ ಪಂಪ್

ನಮ್ಮ ಮನೆಯಲ್ಲಿ ಅಡಗಿದ್ದ ದೊಡ್ಡ ಕಳ್ಳ ಇಲ್ಲಿದ್ದ. ಸಾವಿರ ಲೀಟರಿನ ಟಾಕಿ ಮೊದಲು 35 ನಿಮಿಷದಲ್ಲಿ ತುಂಬುತ್ತಿತ್ತು. ಯಾವಾಗಲೋ ಅದು 70 ನಿಮಿಷ ಆಗಿತ್ತು. ನಿಧಾನಕ್ಕೆ ಆದದ್ದರಿಂದ ಯಾರ ಗಮನಕ್ಕೂ ಬರಲಿಲ್ಲ. "ಬೇಸಿಗೆ, ಬಾವಿಯಲ್ಲಿ ನೀರು ಇಳಿದಿದೆ" ಅಂತ ಸಮಾಧಾನ ಮಾಡಿಕೊಂಡಿದ್ದೆವು. ಒಂದು ಎಚ್‌ಪಿ ಪಂಪ್ ಗಂಟೆಗೆ ಸುಮಾರು 1.1 ಯೂನಿಟ್ ತಿನ್ನುತ್ತದೆ. ದಿನಾ 35 ನಿಮಿಷ ಹೆಚ್ಚಿಗೆ ಓಡಿದರೆ ತಿಂಗಳಿಗೆ 19 ಯೂನಿಟ್ ದಂಡ.

ಒಂದು ಭಾನುವಾರ ಪಂಪ್ ರಿಪೇರಿಯವನ ಜೊತೆ ಸೇರಿ ಪೈಪ್ ಮೇಲೆತ್ತಿದೆವು. ತುದಿಯ ಫುಟ್‌ವಾಲ್ವ್‌ನ ಜಾಲರಿಗೆ ಬೇರು, ಕೊಳೆತ ಎಲೆ, ಕೆಂಪು ಕೆಸರು ಸುತ್ತಿಕೊಂಡು ಮುಷ್ಟಿಯಷ್ಟು ದಪ್ಪ ಉಂಡೆಯಾಗಿತ್ತು. ಒಳಗಿನ ರಬ್ಬರ್ ಒಂದು ಕಡೆ ಹರಿದು ನಾಲಗೆಯ ಹಾಗೆ ಜೋತು ಬಿದ್ದಿತ್ತು. ಅಲ್ಲಿಂದ ನೀರು ಬಾವಿಗೆ ವಾಪಸ್ ಇಳಿಯುತ್ತಿತ್ತು. ದಿನಾ ಬೆಳಿಗ್ಗೆ ಪಂಪಿಗೆ ಚೊಂಬಿನಿಂದ ನೀರು ಸುರಿದು ಚಾಲೂ ಮಾಡಬೇಕಾಗುತ್ತಿದ್ದದ್ದು ಅದಕ್ಕೇ. ಹೊಸ ವಾಲ್ವಿಗೆ ಕೆಲವು ನೂರು ರೂಪಾಯಿ. ಮಾರನೇ ದಿನ ಟಾಕಿ 36 ನಿಮಿಷದಲ್ಲಿ ತುಂಬಿತು.

ನೀವೂ ಟಾಕಿ ತುಂಬುವ ಹೊತ್ತನ್ನು ತಿಂಗಳಿಗೊಮ್ಮೆ ಅಳೆದು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಂಪಿಗೆ ದಿನಾ ನೀರು ಸುರಿಯಬೇಕಾಗುತ್ತಿದ್ದರೆ ಫುಟ್‌ವಾಲ್ವ್ ಸೋರುತ್ತಿದೆ, ಇಲ್ಲವೇ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ. ಬಾವಿಯ ಮೇಲೆ ಇಟ್ಟ ಪಂಪ್ ನೀರಿನ ಮಟ್ಟದಿಂದ ಏಳು ಮೀಟರಿಗಿಂತ ಎತ್ತರ ಇದ್ದರೆ ಎಳೆಯಲು ಒದ್ದಾಡುತ್ತದೆ. ಏಪ್ರಿಲ್, ಮೇನಲ್ಲಿ ನೀರು ಅಷ್ಟು ಕೆಳಗೆ ಹೋಗುವ ಬಾವಿಯಾದರೆ ಪಂಪನ್ನು ಒಳಗಿನ ಕಟ್ಟೆಗೆ ಇಳಿಸುವುದು ಒಳ್ಳೆಯದು. ಟಾಕಿ ತುಂಬಿ ಹರಿಯುವ ಮನೆಯಾದರೆ ತಾನೇ ಬಂದ್ ಆಗುವ ಫ್ಲೋಟ್ ಸ್ವಿಚ್ ಹಾಕಿಸಿ.

ಮನೆಯ ಪಂಪಿನಲ್ಲೇ ನಾಲ್ಕು ತೆಂಗಿನ ಮರಕ್ಕೆ ನೀರು ಬಿಡುವವರು ಮರದ ಬುಡಕ್ಕೆ ತೆಂಗಿನ ಸಿಪ್ಪೆಯನ್ನು ಬೋರಲಾಗಿ ಹಾಸಿ, ಮೇಲೆ ಮಡಲು (ತೆಂಗಿನ ಗರಿ) ಮುಚ್ಚಿ. ತೇವ ಉಳಿಯುತ್ತದೆ. ನಾವು ದಿನ ಬಿಟ್ಟು ದಿನ ಬಿಡುತ್ತಿದ್ದ ನೀರನ್ನು ನಾಲ್ಕು ದಿನಕ್ಕೊಮ್ಮೆ ಮಾಡಿದೆವು, ಕಾಯಿಗೆ ಏನೂ ಆಗಲಿಲ್ಲ.

ಫ್ಯಾನು

ಕರಾವಳಿಯಲ್ಲಿ ಫ್ಯಾನ್ ಕಡಿಮೆ ಹಾಕಿ ಅಂತ ಹೇಳುವವರು ಏಪ್ರಿಲ್‌ನಲ್ಲಿ ಇಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ಬೆವರು ಆರುವುದೇ ಇಲ್ಲ. ಫ್ಯಾನ್ ಬೇಕೇ ಬೇಕು. ಅದು ಎಳೆಯುವ ವ್ಯಾಟ್ ಇಳಿಸಬೇಕು, ಅಷ್ಟೇ. ಹಳೇ ಫ್ಯಾನ್ 70ರಿಂದ 80 ವ್ಯಾಟ್, ಬಿಎಲ್‌ಡಿಸಿ ಅನ್ನುವ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನ್ 30ರ ಆಸುಪಾಸು. ಗಾಳಿ ಅಷ್ಟೇ ಬರುತ್ತದೆ.

ನಾಲ್ಕನ್ನೂ ಒಮ್ಮೆಲೇ ಬದಲಾಯಿಸುವ ಅಗತ್ಯ ಇಲ್ಲ. ಹೆಚ್ಚು ಹೊತ್ತು ತಿರುಗುವುದು ಯಾವುದು ಅಂತ ನೋಡಿ. ನಮ್ಮಲ್ಲಿ ಮಲಗುವ ಕೋಣೆಯ ಎರಡು ಫ್ಯಾನ್ ದಿನಕ್ಕೆ 14 ಗಂಟೆ ಓಡುತ್ತಿದ್ದವು. ಅವೆರಡನ್ನೇ ಬದಲಾಯಿಸಿದ್ದಕ್ಕೆ ತಿಂಗಳಿಗೆ 38 ಯೂನಿಟ್ ಉಳಿಯಿತು. ಜಗಲಿಯ ಫ್ಯಾನು ನೆಂಟರು ಬಂದಾಗ ಮಾತ್ರ ತಿರುಗುವುದು, ಅದು ಹಳೆಯದೇ ಇದೆ. ಸಂಜೆ ವೋಲ್ಟೇಜ್ ಬಿದ್ದಾಗಲೂ ಬಿಎಲ್‌ಡಿಸಿ ಹೆಚ್ಚುಕಡಿಮೆ ಅದೇ ವೇಗದಲ್ಲಿ ತಿರುಗುತ್ತದೆ. ಹಳ್ಳಿ ಮನೆಗೆ ಇದು ದೊಡ್ಡ ಉಪಕಾರ. ಹಾಕಿಸುವಾಗ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿಬಿಡಿ, ಅದರ ಜೊತೆ ಈ ಫ್ಯಾನ್ ಸರಿಯಾಗಿ ಓಡುವುದಿಲ್ಲ.

ಸಮುದ್ರದ ಗಾಳಿಯೂ ನಮ್ಮದೇ. ಮಧ್ಯಾಹ್ನದ ಮೇಲೆ ಪಡುವಣದಿಂದ ಗಾಳಿ ಬೀಸುತ್ತದೆ, ರಾತ್ರಿ ಕಳೆದು ಬೆಳಗಾಗುವಾಗ ನೆಲದ ಕಡೆಯಿಂದ. ಆ ಲೆಕ್ಕದಲ್ಲಿ ಕಿಟಕಿ ತೆರೆಯಿರಿ. ಪಡುವಣ ಗೋಡೆಗೆ ಬಿಸಿಲು ಬಡಿಯುತ್ತಿದ್ದರೆ ಮಳೆಗಾಲಕ್ಕೆ ಕಟ್ಟುವ ಮಡಲಿನ ತಟ್ಟಿಯನ್ನೇ ಬೇಸಿಗೆಯಲ್ಲಿ ಒಂದು ಮೊಳ ಮುಂದಕ್ಕೆ ಕಟ್ಟಿ.

ಫ್ರಿಜ್

ಫ್ರಿಜ್ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಬೀಡಿಂಗ್ ಸಡಿಲವಾಗಿದೆ. ನಮ್ಮ ತೇವದ ಹವೆಯಲ್ಲಿ ಆ ರಬ್ಬರಿಗೆ ಬೂಷ್ಟು ಹಿಡಿದು ಬೇಗ ಗಟ್ಟಿಯಾಗುತ್ತದೆ. ಬೆಚ್ಚಗಿನ ಸೋಪು ನೀರಿನಲ್ಲಿ ಒರೆಸಿ. ಆಗದಿದ್ದರೆ ರಬ್ಬರ್ ಮಾತ್ರ ಬದಲಾಯಿಸಬಹುದು. ಗೋಡೆಗೆ ಒತ್ತಿ ಇಡಬೇಡಿ, ಒಲೆಯ ಪಕ್ಕ ಇಡಬೇಡಿ. ಫ್ರೀಜರಿನಲ್ಲಿ ಬೆರಳಿನಷ್ಟು ಮಂಜು ಕಟ್ಟಿದ್ದರೆ ಕರಗಿಸಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಆಗ ಬೇಕು ಅಂತ ಮೇ ತಿಂಗಳಲ್ಲೇ ಫ್ರೀಜರಿಗೆ ಮೀನು ತುರುಕುವವರಿದ್ದಾರೆ. ಅದಕ್ಕಾಗಿಯೇ ಇನ್ನೊಂದು ಹಳೇ ಫ್ರಿಜ್ ಓಡಿಸುವ ಮನೆಗಳನ್ನೂ ನೋಡಿದ್ದೇನೆ. ಒಣಮೀನಿನ ಡಬ್ಬಿಗೆ ಕರೆಂಟ್ ಬೇಡ. ಎರಡನೇ ಫ್ರಿಜ್ ಬಂದ್ ಮಾಡಿ, ಇದು ನನ್ನ ಖಂಡಿತ ಅಭಿಪ್ರಾಯ. ಹೊಸದು ಕೊಳ್ಳುವಾಗ ಸ್ಟಾರ್ ಚೀಟಿಯ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅಚ್ಚಾಗಿರುತ್ತದೆ. ನಕ್ಷತ್ರ ಎಣಿಸುವುದರ ಜೊತೆಗೆ ಆ ಅಂಕಿಯನ್ನೂ ಓದಿ.

ಬಿಸಿನೀರು

ಮಳೆಗಾಲದ ಬಿಲ್ ಏರುವುದು ಇದರಿಂದ. 15 ಲೀಟರ್ ನೀರಿನ ಬಿಸಿಯನ್ನು 30 ಡಿಗ್ರಿಯಷ್ಟು ಏರಿಸಲು ಅರ್ಧ ಯೂನಿಟ್ ಬೇಕು. ಗೀಸರ್ ದೊಡ್ಡದಿರಲಿ, ಚಿಕ್ಕ ಇನ್‌ಸ್ಟಂಟ್ ಇರಲಿ, ಆ ಲೆಕ್ಕ ಬದಲಾಗುವುದಿಲ್ಲ. ಐದು ಜನ ತಲಾ ಹತ್ತು ಲೀಟರ್ ಬಿಸಿನೀರು ಬಳಸಿದರೂ ತಿಂಗಳಿಗೆ 50 ಯೂನಿಟ್ ಮುಟ್ಟುತ್ತದೆ. 2000 ವ್ಯಾಟ್‌ನ 15 ಲೀಟರ್ ಗೀಸರಿಗೆ ನಮ್ಮ ಹವೆಯಲ್ಲಿ ಹದಿನೈದು, ಹದಿನಾರು ನಿಮಿಷ ಸಾಕು. ಆಮೇಲೆ ಆಫ್ ಮಾಡಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಶವರ್ ಬಿಟ್ಟು ಬಕೆಟ್ ಬಳಸಿ. ಬಕೆಟ್ಟಿಗೆ ಇಳಿಬಿಡುವ ಬಿಸಿನೀರಿನ ರಾಡ್ ಅಂತೂ ಬೇಡವೇ ಬೇಡ, ಶಾಕ್ ಹೊಡೆಯುವ ಭಯ ಇದೆ.

ತೋಟ ಇರುವವರಿಗೆ ನನ್ನ ಮೊದಲ ಸಲಹೆ ಬಚ್ಚಲ ಹಂಡೆ. ಒಲೆ ಕೆಡವಿ ಟೈಲ್ಸ್ ಹಾಕಿಸಿದವರು ಎಷ್ಟೋ ಜನ. ನಮ್ಮ ಮನೆಯಲ್ಲಿ ಆಯಿ ಬಿಡಲಿಲ್ಲ. ಮಡಲು, ಕರಟ, ತೆಂಗಿನ ಸಿಪ್ಪೆಯನ್ನು ಏಪ್ರಿಲ್, ಮೇನಲ್ಲಿ ಚೆನ್ನಾಗಿ ಒಣಗಿಸಿ, ಮಳೆ ಬೀಳುವ ಮುಂಚೆ ಮಾಡಿನ ಕೆಳಗೆ ಪೇರಿಸಿಡುತ್ತೇವೆ. ಒಣಗಿದ್ದು ಉರಿದರೆ ಹೊಗೆಯೂ ಕಡಿಮೆ. ಚಿಮಣಿ ಮಾತ್ರ ಸರಿ ಇರಬೇಕು. ಆ ಒಲೆಯ ಕಾವಿಗೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ. ಜುಲೈನಲ್ಲಿ ಬಟ್ಟೆಗೋಸ್ಕರ ರಾತ್ರಿಯಿಡೀ ಫ್ಯಾನ್ ಬಿಡುವುದು, ಅರೆ ಒಣಗಿದ್ದನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸುವುದು ಎರಡೂ ತಪ್ಪಿತು. ಶಿರಸಿಯ ಅಕ್ಕನ ಮನೆಯಲ್ಲಿ ಇದೇ ಕೆಲಸಕ್ಕೆ ಅಡಿಕೆ ಸಿಪ್ಪೆ. ಘಟ್ಟದ ಮೇಲೆ ಚಳಿಗಾಲದಲ್ಲೂ ಬಿಸಿನೀರು ಬೇಕು, ಅವಳಿಗೆ ಉಳಿತಾಯ ನಮಗಿಂತ ಜಾಸ್ತಿ.

ಏಸಿ ಇರುವವರಿಗೆ ಎರಡು ಮಾತು. 24ರಿಂದ 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಏಸಿ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕಬೇಡಿ, ಆ ನೀರನ್ನೆಲ್ಲ ಏಸಿ ಹಿಂಡಬೇಕಾಗುತ್ತದೆ. ಹೊರಗಿನ ಪೆಟ್ಟಿಗೆಗೆ ಉಪ್ಪು ಗಾಳಿ ಹಿಡಿಯುತ್ತದೆ, ಸ್ವಿಚ್ ಆಫ್ ಮಾಡಿ ಆಗಾಗ ಸಿಹಿನೀರಿನಲ್ಲಿ ತೊಳೆಸಿ.

ದೀಪಗಳ ಬಗ್ಗೆ ಹೆಚ್ಚು ಹೇಳಲು ಇಲ್ಲ. ಹೆಚ್ಚಿನವರು ಎಲ್‌ಇಡಿ ಹಾಕಿಯಾಗಿದೆ. ಕೊಟ್ಟಿಗೆಯಲ್ಲೋ ಹಿತ್ತಲಿನಲ್ಲೋ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಉಳಿದಿದ್ದರೆ ತೆಗೆಯಿರಿ. ಹಂಚಿನ ಮನೆಯ ಕತ್ತಲೆ ಅಡುಗೆಮನೆಗೆ ಎರಡು ಗಾಜಿನ ಹಂಚು ಹಾಕಿದರೆ ಹಗಲು ದೀಪ ಬೇಡ.

ಗ್ಯಾಸ್ ಮತ್ತು ಕುಚ್ಚಲಕ್ಕಿ

ಇದು ಕರೆಂಟಿನ ಲೆಕ್ಕವಲ್ಲ, ಆದರೂ ಮನೆಯ ಖರ್ಚೇ. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಅಕ್ಕಿಯನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ. ಮುಚ್ಚಳ ಬಿಗಿಯಾಗಿ ಮುಚ್ಚಿ, ಕಂಬಳಿ ಹಾಸಿದ ರಟ್ಟಿನ ಪೆಟ್ಟಿಗೆಯೊಳಗೆ ಇಟ್ಟು, ಮೇಲೂ ಕಂಬಳಿ ಹೊದೆಸಿ. ಒಂದೂವರೆ ಗಂಟೆ ಮುಚ್ಚಳ ತೆರೆಯಬೇಡಿ. ಅನ್ನ ತನ್ನ ಬಿಸಿಯಲ್ಲೇ ಅರಳಿರುತ್ತದೆ. ಆಮೇಲೆ ಒಂದು ಕುದಿ ಬರಿಸಿ ಬಸಿಯಿರಿ. ಅಂಗಡಿಯಲ್ಲಿ ಸಿಗುವ ಥರ್ಮಲ್ ಕುಕ್ಕರ್ ಮಾಡುವುದೂ ಇದನ್ನೇ. ಬರ್ನರಿನ ಜ್ವಾಲೆ ಹಳದಿಯಾಗಿ ಪಾತ್ರೆ ಕಪ್ಪಾಗುತ್ತಿದ್ದರೆ ತೂತು ಕಟ್ಟಿದೆ. ಬಿಚ್ಚಿ, ಸೂಜಿಯಲ್ಲಿ ಬಿಡಿಸಿ, ಒಣಗಿಸಿ ಹಾಕಿ.

ಕೊನೆಗೆ ಸೋಲಾರ್

ಎಲ್ಲರೂ ಮೊದಲು ಕೇಳುವುದು ಇದನ್ನೇ, ನಾನು ಬೇಕಂತಲೇ ಕೊನೆಗೆ ಇಟ್ಟೆ. ನಮ್ಮ ಅರ್ಹತೆ 142 ಯೂನಿಟ್. 151 ಬಂದ ಮೇನಲ್ಲಿ ಹೆಚ್ಚಾದ ಒಂಬತ್ತು ಯೂನಿಟ್‌ಗಷ್ಟೇ ದುಡ್ಡು ಕೊಟ್ಟೆವು. ಅಂಥ ಮನೆ ಈಗಲೇ ಸಾಲ ಮಾಡಿ ಸೋಲಾರ್ ಹಾಕಿಸಬೇಕಾಗಿಲ್ಲ. ತಿಂಗಳಿಗೆ 250, 300 ಯೂನಿಟ್ ಬೇಕೇ ಬೇಕು ಅನ್ನುವ ಮನೆಗಳಿಗೆ, ಹೋಂ ಸ್ಟೇ ನಡೆಸುವವರಿಗೆ ಯೋಚಿಸುವ ವಿಷಯ ಇದು. ಮನೆ ಬಳಕೆಗೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಇದೆ. ಒಳ್ಳೆಯ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಆದರೆ ಜೂನ್, ಜುಲೈನ ಮೋಡ ನಮಗೆ ಗೊತ್ತೇ ಇದೆ. ವರ್ಷದ ಲೆಕ್ಕ ಹಾಕುವಾಗ ಆ ತಿಂಗಳುಗಳನ್ನು ಬಿಸಿಲಿನ ತಿಂಗಳ ಹಾಗೆ ಎಣಿಸಿ ತೋರಿಸಿದರೆ ಒಪ್ಪಬೇಡಿ.

ನಮ್ಮ ಉತ್ತರ ಕನ್ನಡ ಕರೆಂಟ್ ಕೊಡುವ ಜಿಲ್ಲೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು, ಅದೇ ನದಿಯ ದಡದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ. ಸೂಪಾ ಪೇಟೆ ನೀರಿನಡಿ ಹೋಗಿ ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಯೂನಿಟ್ ಉಳಿಸುವಾಗ ನನಗೆ ಆ ಊರಿನ ನೆನಪೂ ಬರುತ್ತದೆ. ಚಾವಣಿಯ ಮೇಲೆ ಸ್ವಂತ ಕರೆಂಟ್ ಮಾಡಿಕೊಳ್ಳುವ ಆಸೆ ಅದಕ್ಕೇ ಇದೆ, ಮಕ್ಕಳು ದೊಡ್ಡವರಾಗಿ ಬಳಕೆ ಏರಿದಾಗ ಹಾಕಿಸುತ್ತೇನೆ.

ಹಾಕಿಸುವವರು ಸ್ಟ್ಯಾಂಡಿನ ಮೇಲೆ ಕಣ್ಣಿಡಿ. ಸಮುದ್ರದ ಹತ್ತಿರ ಬರಿಯ ಬಣ್ಣ ಬಳಿದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ದಪ್ಪ ಸತುವಿನ ಲೇಪ ಇರುವ ಕಬ್ಬಿಣ ಅಥವಾ ಅಲ್ಯೂಮಿನಿಯಂ, ಜೊತೆಗೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಕೇಳಿ. ಪ್ಯಾನೆಲ್ಲಿಗೆ ಉಪ್ಪುಗಾಳಿಯ ಪರೀಕ್ಷೆ ಆಗಿದೆಯೇ ಅಂತ ಕಾಗದದಲ್ಲಿ ನೋಡಿ. ಹಂಚಿನ ಮಾಡಿನ ಮೇಲೆ ಕೂರಿಸುವುದಾದರೆ ಪಕಾಸು, ರೀಪು ಭಾರ ತಾಳುತ್ತವೆಯೇ ಅಂತ ಬಡಗಿಯ ಹತ್ತಿರ ಮೊದಲೇ ತೋರಿಸಿ. ತೆಂಗಿನ ಮರ ಪಕ್ಕದಲ್ಲಿದ್ದರೆ ಜಾಗ ಬದಲಾಯಿಸಿ. ಗರಿಯ ನೆರಳು ಬಿದ್ದರೂ ಕರೆಂಟ್ ಇಳಿಯುತ್ತದೆ, ಮೇಲಿಂದ ಕಾಯಿ ಬಿದ್ದರೆ ಗಾಜು ಒಡೆಯುತ್ತದೆ.